ಬೀಳ್ಕೊಡುವುದನ್ನು ಕಲಿತ ವರ್ಷ

ನಮ್ಮ ಕಂಪನಿಯ ಊಟದ ಕೋಣೆಗೆ ಪಾಪ್‌ಕಾರ್ನ್ ಮೆಷಿನ್ ಬಂದ ದಿನವೇ ಎಲ್ಲರಿಗೂ ಗೊತ್ತಾಗಿಹೋಯಿತು, ಪರಿಸ್ಥಿತಿ ಕೆಟ್ಟಿದೆ ಎಂದು. ಕೆಂಪು ಬಣ್ಣದ, ಗಾಜಿನ ಪೆಟ್ಟಿಗೆಯ, ಸಿನಿಮಾ ಮಂದಿರಗಳಲ್ಲಿ ಇರುವಂಥ ಮೆಷಿನ್. ತರಿಸಿದವಳು ನಾನೇ. "ಜನ ಮುಖ ಸಪ್ಪೆ ಮಾಡ್ಕೊಂಡು ಓಡಾಡ್ತಿದಾರೆ ಉಷಾ, ಏನಾದ್ರೂ ಮಾಡು" ಎಂದು ಮಾಲೀಕ ಹ್ಯಾಂಕ್ ಹೇಳಿದ್ದ. ಅವನು ಆಡಿದ್ದು ಇಂಗ್ಲಿಷಿನಲ್ಲೇ. ನನ್ನ ನೆನಪಿನಲ್ಲಿ ಉಳಿದಂತೆ ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ನಾನು ನಿವೃತ್ತಳಾದ ಮೇಲೆ ನಾನೂ ಯಜಮಾನರೂ ಈಗ ಡಲ್ಲಾಸ್ ಹತ್ತಿರದ ಪ್ರಾಸ್ಪರ್‌ನಲ್ಲಿ ಮಗಳ ಮನೆಗೆ ಹತ್ತಿರ ಇದ್ದೇವೆ. ಹಬ್ಬದ ಊಟಕ್ಕೆ ಸೇರಿದಾಗ ಹೊಸದಾಗಿ ಮ್ಯಾನೇಜರ್ ಆದ ಹುಡುಗ ಹುಡುಗಿಯರು ನನ್ನ ಹತ್ತಿರ ಬಂದು ಕೂರುತ್ತಾರೆ. "ಆಂಟಿ, ಟೀಮಲ್ಲಿ ಎಲ್ರೂ ಡಲ್ ಆಗ್ಬಿಟ್ಟಿದಾರೆ, ಏನ್ ಮಾಡ್ಲಿ?" ಎಂದು ಕೇಳುತ್ತಾರೆ. ಊಟದ ತಟ್ಟೆ ಕೈಯಲ್ಲಿ ಹಿಡಿದುಕೊಂಡು ಕೊಡಬಹುದಾದ ಉತ್ತರ ಅದಕ್ಕಿಲ್ಲ. ಅದಕ್ಕೇ ಬರೆಯಲು ಕೂತೆ.

ಹ್ಯೂಸ್ಟನ್ನಿನ ವಾಯವ್ಯ ಮೂಲೆಯಲ್ಲಿ ನಮ್ಮ ಕಾರ್ಖಾನೆ ಇತ್ತು. ತೈಲಬಾವಿಗಳಲ್ಲಿ, ಪೈಪುಗಳಲ್ಲಿ ಒತ್ತಡ ಎಷ್ಟಿದೆ ಎಂದು ತೋರಿಸುವ ಮೀಟರುಗಳನ್ನು ಅಲ್ಲಿ ತಯಾರಿಸುತ್ತಿದ್ದೆವು. ಡಲ್ಲಾಸ್ ಪಕ್ಕದ ಫಾರ್ಮರ್ಸ್ ಬ್ರಾಂಚ್‌ನಲ್ಲಿ ಮಾರಾಟದ ಆಫೀಸು. ಆಸ್ಟಿನ್ನಿನಲ್ಲಿ ಸಾಫ್ಟ್‌ವೇರ್ ಬರೆಯುವ ಬೆರಳೆಣಿಕೆಯ ಜನ. ಮೂರೂ ಕಡೆಯ ನೌಕರರ ನೇಮಕ, ರಜೆ, ಜಗಳ, ವಿದಾಯ ಎಲ್ಲವೂ ನನ್ನ ಮೇಜಿಗೆ ಬರುತ್ತಿದ್ದವು. ಧಾರವಾಡದಲ್ಲಿ ಸಮಾಜಕಾರ್ಯ ಓದಿ ಬಂದವಳು, ಇಲ್ಲಿ ಎಚ್‌ಆರ್ ಆಗಿ ಅರ್ಧ ಆಯುಷ್ಯ ಕಳೆದೆ.

ಎರಡು ಸಾವಿರದ ಹತ್ತರ ದಶಕದ ನಡುವಿನಲ್ಲಿ ತೈಲದ ಬೆಲೆ ಕುಸಿಯಿತು. ಪೆಟ್ರೋಲ್ ಅಗ್ಗವಾಯಿತೆಂದು ಊರೆಲ್ಲ ಖುಷಿಪಡುತ್ತಿದ್ದಾಗ ನಮ್ಮಲ್ಲಿ ಫೋನುಗಳು ಸುಮ್ಮನಾದವು. ಹೊಸ ಬಾವಿ ಕೊರೆಯುವವರೇ ಇಲ್ಲದ ಮೇಲೆ ಮೀಟರು ಯಾರಿಗೆ ಬೇಕು?

ಪಾಪ್‌ಕಾರ್ನ್ ಆದ ಮೇಲೆ ಟೀ ಶರ್ಟುಗಳು ಬಂದವು, ಎದೆಯ ಮೇಲೆ 'ನಾವೆಲ್ಲ ಒಂದು' ಎಂಬ ಅರ್ಥದ ದೊಡ್ಡ ಅಕ್ಷರಗಳು. ದುರದೃಷ್ಟಕ್ಕೆ, ಮೊದಲ ಬಾರಿ ಜನರನ್ನು ಕೆಲಸದಿಂದ ತೆಗೆದು ಮನೆಗೆ ಕಳಿಸಿದ ಶುಕ್ರವಾರವೇ ಅವುಗಳ ಡಬ್ಬಗಳೂ ಬಂದಿಳಿದವು. ಹಂಚಲು ಯಾರಿಗೂ ಧೈರ್ಯ ಬರಲಿಲ್ಲ. ಆಮೇಲೆ ಹುರಿದುಂಬಿಸುವ ಭಾಷಣಕಾರನೊಬ್ಬ ಬಂದ. ಕಣ್ಣು ಮುಚ್ಚಿ ಹಿಂದಕ್ಕೆ ಬೀಳಿ, ಸಹೋದ್ಯೋಗಿ ನಿಮ್ಮನ್ನು ಹಿಡಿಯುತ್ತಾನೆ, ಅದೇ ನಂಬಿಕೆ ಎಂದ. ಮೀಟರುಗಳನ್ನು ಪರೀಕ್ಷಿಸುವ ವಿಭಾಗದ ರೇ ಎಂಬ ಗಟ್ಟಿಮುಟ್ಟಾದ ಮನುಷ್ಯ ಕೈಕಟ್ಟಿ ನಿಂತಲ್ಲಿಂದಲೇ ಕೇಳಿದ: "ಇವನು ನನ್ನನ್ನ ಹಿಡೀತಾನೆ, ಸರಿ. ಮುಂದಿನ ತಿಂಗಳು ಇವನೇ ಇಲ್ಲಿ ಇರ್ತಾನಾ?"

ಯಾರೂ ನಗಲಿಲ್ಲ. ಹ್ಯಾಂಕ್ ಎದ್ದು ನಿಂತು, "ಎಲ್ಲ ಸರಿಹೋಗತ್ತೆ" ಎಂದು ಕೈ ಬೀಸಿ ಹೊರಟುಹೋದ.

ಆಗ ಜನರನ್ನು ಕೆಲಸದಿಂದ ತೆಗೆಯುವ ಪದ್ಧತಿ ಹೇಗಿತ್ತೆಂದು ಈಗಿನವರು ತಿಳಿದಿರಬೇಕು. ಕರೆಯುವುದು, ಬಾಗಿಲು ಹಾಕುವುದು, ಎರಡು ಮಾತು ಹೇಳುವುದು. ಆ ವೇಳೆಗೆ ಅವರ ಬಾಗಿಲಿನ ಕಾರ್ಡು, ಕಂಪ್ಯೂಟರು ಎರಡೂ ಬಂದ್ ಆಗಿರುತ್ತಿದ್ದವು. ಹೊರಗೆ ರಟ್ಟಿನ ಪೆಟ್ಟಿಗೆ ಹಿಡಿದು ಸೆಕ್ಯೂರಿಟಿಯವನು ಕಾಯುತ್ತಿದ್ದ. ಸಾಮಾನು ತುಂಬಿಸಿಕೊಂಡು ಹಿಂದಿನ ಬಾಗಿಲಿನಿಂದ ಹೋಗಬೇಕು. ಯಾರೊಂದಿಗೂ ಮಾತಿಲ್ಲ. ಕಂಪನಿಯ ವಕೀಲರು ಹೇಳಿಕೊಟ್ಟ ಕ್ರಮ ಅದು. ಎಲ್ಲ ಕಂಪನಿಗಳಲ್ಲೂ ಹೆಚ್ಚುಕಡಿಮೆ ಹೀಗೇ ಇತ್ತು.

ಹಾಗೆ ಹೋದವರಲ್ಲಿ ಡಾರಥಿ ಒಬ್ಬಳು. ಪರೀಕ್ಷಾ ವಿಭಾಗದಲ್ಲಿ ಹ್ಯಾಂಕ್‌ನ ಅಪ್ಪನ ಕಾಲದಿಂದ ಇದ್ದವಳು. ಅವಳ ಕಿಟಕಿಯಲ್ಲಿ ಹೂವಿನ ಗಿಡಗಳ ಕುಂಡಗಳ ಸಾಲು ಇತ್ತು. ಪೆಟ್ಟಿಗೆಯಲ್ಲಿ ಅವು ಹಿಡಿಸಲಿಲ್ಲ, ಅಲ್ಲೇ ಉಳಿದವು. ಆ ಶನಿವಾರ ಅವನ್ನೆಲ್ಲ ನನ್ನ ಕಾರಿನಲ್ಲಿ ಹಾಕಿಕೊಂಡು ಅವಳ ಮನೆಗೆ ಹೋದೆ. ಬಾಗಿಲು ತೆರೆದವಳು ಮೊದಲು ಗಿಡಗಳನ್ನು ನೋಡಿದಳು, ಆಮೇಲೆ ನನ್ನನ್ನು.

"ನಾನು ಏನು ಮಾಡಿದೆ ಅಂತ ಅವರಿಗೆಲ್ಲ ಹೇಳಿದ್ರಿ?" ಎಂದು ಕೇಳಿದಳು.

"ಏನೂ ಹೇಳಲಿಲ್ಲ ಡಾರಥಿ. ನಿನ್ನ ತಪ್ಪು ಏನೂ ಇರಲಿಲ್ಲವಲ್ಲ."

"ಏನೂ ಹೇಳದೇ ಇದ್ರೆ ಏನೋ ಮಾಡಿದ್ದಾಳೆ ಅಂತಲೇ ಅಂದ್ಕೋತಾರೆ. ರೇ ಜೊತೆ ಇಷ್ಟು ವರ್ಷ ಊಟ ಮಾಡಿದೀನಿ, ಒಂದು ಫೋನ್ ಮಾಡಿಲ್ಲ ನೋಡು."

ಕಾಫಿ ಕೊಟ್ಟಳು. ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ನನಗೆ ಸುಲಭವಾಗುತ್ತಿತ್ತು.

ಸೋಮವಾರ ಪರೀಕ್ಷಾ ವಿಭಾಗಕ್ಕೆ ಹೋದೆ. ರೇ ನನ್ನನ್ನು ಪಕ್ಕಕ್ಕೆ ಕರೆದು, "ಡಾರಥಿ ಹೇಗಿದಾಳೆ? ಫೋನ್ ಮಾಡಬಹುದಾ? ಮಾಡಿದ್ರೆ ನಿಯಮಕ್ಕೆ ವಿರುದ್ಧ ಆಗತ್ತಾ?" ಎಂದು ಕೇಳಿದ. ಐವತ್ತು ದಾಟಿದ ಮನುಷ್ಯ, ಗೆಳತಿಗೆ ಫೋನ್ ಮಾಡಲು ನನ್ನ ಅನುಮತಿ ಕೇಳುತ್ತಿದ್ದ. ಮಾತಾಡುತ್ತಾ ಅವನ ಮೇಜು ನೋಡಿದೆ. ಹೆಂಡತಿ ಮಕ್ಕಳ ಫೋಟೋ ಇರಲಿಲ್ಲ. ಪಕ್ಕದ ಮೇಜಿನಲ್ಲೂ ಇರಲಿಲ್ಲ. ಸುಮ್ಮನೆ ಇಡೀ ಕಾರ್ಖಾನೆ ಸುತ್ತಿ ಬಂದೆ. ತಮ್ಮ ಸಾಮಾನುಗಳನ್ನು ಒಂದೊಂದಾಗಿ ಜನ ಆಗಲೇ ಮನೆಗೆ ಸಾಗಿಸಿಬಿಟ್ಟಿದ್ದರು, ಪೆಟ್ಟಿಗೆ ಬಂದಾಗ ತುಂಬಿಸಲು ಏನೂ ಇರಬಾರದೆಂದು.

ಅವತ್ತು ನನಗೆ ಒಂದು ವಿಷಯ ಅರ್ಥವಾಯಿತು. ಉಳಿದವರು ನೋಡುತ್ತಿದ್ದುದು ತಮ್ಮ ಸಂಬಳವನ್ನಷ್ಟೇ ಅಲ್ಲ, ಹೋದವರನ್ನು ಹೇಗೆ ಕಳಿಸಿದರು ಎಂಬುದನ್ನೂ. ನಾಳೆ ನನಗೂ ಹೀಗೇ ಎಂದು ತಿಳಿದವನು ಇವತ್ತು ಮನಸ್ಸಿಟ್ಟು ಕೆಲಸ ಮಾಡುವುದು ಹೇಗೆ?

ಸಂಜೆ ಊಟಕ್ಕೆ ಕೂತಾಗ ನನ್ನ ಯಜಮಾನರಿಗೆ ಹೇಳಿದೆ, ನಾಳೆ ಹ್ಯಾಂಕ್ ಹತ್ತಿರ ಈ ಪದ್ಧತಿಯನ್ನೇ ಬಿಡಬೇಕೆಂದು ಮಾತಾಡುತ್ತೇನೆ ಎಂದು.

"ಜನಾ ತಗೀಲಿಕತ್ತಾರ ಅಂತ ನೀನ ಹೇಳ್ತಿ. ಇಂಥಾದ್ರಾಗ ಮಾಲಕನ ಮುಂದ ಹೋಗಿ ವಾದಾ ಮಾಡ್ತೀಯೇನು?" ಎಂದರು.

"ಭಾಳಂದ್ರ ಏನಾಗ್ತದರಿ? ನನ್ನನ್ನೂ ತಗೀತಾರ."

"ಅದನ್ನ ನಾ ಹೇಳ್ಲಿಕತ್ತಿದ್ದು" ಎಂದು ಚಪಾತಿ ಮುರಿದರು. ಸ್ವಲ್ಪ ಹೊತ್ತಿನ ಮೇಲೆ ತಾವೇ, "ಹೋಗು, ಮಾತಾಡು. ಇಲ್ಲಾಂದ್ರ ನೀ ಮನ್ಯಾಗ ಕೂತು ನನ್ನ ತಲೀ ತಿಂತಿ" ಎಂದರು.

ಮಾರನೆಯ ದಿನ, ಕದ್ದುಮುಚ್ಚಿ ಕಳಿಸುವುದು ಬೇಡ, ಇರುವ ಪರಿಸ್ಥಿತಿಯನ್ನು ಎಲ್ಲರಿಗೂ ಹೇಳೋಣ ಎಂದೆ. ಹ್ಯಾಂಕ್ ಒಪ್ಪಲಿಲ್ಲ. "ನಿಜ ಹೇಳಿದ್ರೆ ಒಳ್ಳೆಯವರೆಲ್ಲ ಮೊದಲು ಓಡಿಹೋಗ್ತಾರೆ" ಎಂದ.

"ಓಡಿಹೋಗೋರು ಈಗಾಗಲೇ ಹೋಗ್ತಿದಾರೆ. ಇರೋರು ಕಿಟಕೀಲಿ ಪಾರ್ಕಿಂಗ್ ಲಾಟ್ ನೋಡ್ತಾ, ಇವತ್ತು ಯಾರ ಕಾರಿಲ್ಲ ಅಂತ ಎಣಿಸ್ತಾ ಕೂತಿದಾರೆ. ಅದೇ ಈಗ ನಮ್ಮಲ್ಲಿ ನಡೀತಿರೋ ಕೆಲಸ" ಎಂದೆ.

ಆ ವಾರ ಫಾರ್ಮರ್ಸ್ ಬ್ರಾಂಚ್ ಆಫೀಸಿಗೆ ನಾವಿಬ್ಬರೂ ಹೋಗಬೇಕಿತ್ತು. ಅವನದೇ ಪಿಕಪ್ ಟ್ರಕ್ಕಿನಲ್ಲಿ ಹೊರಟೆವು. ಹ್ಯೂಸ್ಟನ್ ದಾಟಿತು, ಪೈನ್ ಮರಗಳೂ ಮುಗಿದವು. ಅರ್ಧ ದಾರಿಯಲ್ಲಿ ಒಂದು ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ, ಕಾಫಿ ತಂದು, ಟ್ರಕ್ಕಿಗೆ ಒರಗಿ ನಿಂತು ತಾನಾಗಿಯೇ ಹೇಳಲು ಶುರುಮಾಡಿದ.

"ನಮ್ಮಪ್ಪ ಕೂಡ ಹೀಗೇ ಎಲ್ಲ ಮುಚ್ಚಿಟ್ಟಿದ್ದ. ಎಂಬತ್ತರ ದಶಕದಲ್ಲಿ ತೈಲ ಬಿದ್ದಾಗ. ನಾನಾಗ ಕಾಲೇಜು. ಎಲ್ಲ ಸರಿ ಇದೆ, ಎಲ್ಲ ಸರಿ ಇದೆ ಅಂತಲೇ ಇದ್ದ. ಒಂದು ದಿನ ಬೆಳಗ್ಗೆ ಜನ ಕೆಲಸಕ್ಕೆ ಬಂದ್ರೆ ಗೇಟಿಗೆ ಬೀಗ. ಮತ್ತೆ ಶುರುಮಾಡೋಕೆ ನಾಲ್ಕು ವರ್ಷ ಬೇಕಾಯ್ತು. ಹಳಬರಲ್ಲಿ ವಾಪಸ್ ಬಂದವರು ತೀರಾ ಕಡಿಮೆ. ಡಾರಥಿ ಬಂದ್ಲು."

ಕಾಫಿ ಲೋಟ ಕಸದ ಡಬ್ಬಕ್ಕೆ ಎಸೆದು, "ಏನು ಹೇಳಬೇಕು ಅವರಿಗೆ?" ಎಂದು ಕೇಳಿದ.

"ಗೊತ್ತಿರೋದನ್ನ ಹೇಳಿ. ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅನ್ನಿ" ಎಂದೆ.

ಎಲ್‌ಬಿಜೆ ಹೆದ್ದಾರಿ ಪಕ್ಕದ ಆ ಆಫೀಸಿನಲ್ಲಿ ಕೂತವರ ಮುಂದೆ ಅವನು ಬಹಳ ಕೆಟ್ಟದಾಗಿ ಮಾತಾಡಿದ. ತಡವರಿಸಿದ, ಬೆವರಿದ. ಆರ್ಡರುಗಳು ಅರ್ಧಕ್ಕಿಂತ ಕೆಳಗೆ ಇಳಿದಿವೆ ಎಂದ. ಇನ್ನೊಂದು ಸುತ್ತು ಜನರನ್ನು ತೆಗೆಯಬೇಕಾಗಬಹುದು ಎಂದ. ಟೀನಾ ಎಂಬ ಮಾರಾಟದವಳು ನೇರವಾಗಿ ಕೇಳಿದಳು:

"ಕಂಪನಿ ಮುಚ್ಚುತ್ತಾ?"

"ಗೊತ್ತಿಲ್ಲ. ಮುಚ್ಚಬಾರದು ಅಂತ ಒದ್ದಾಡ್ತಿದೀನಿ. ಗೊತ್ತಾದ ದಿನವೇ ನಾನೇ ಬಂದು ಹೇಳ್ತೀನಿ. ಬೇರೆಯವರಿಂದ ನಿಮಗೆ ಗೊತ್ತಾಗೋ ಹಾಗೆ ಬಿಡಲ್ಲ."

ಒಬ್ಬೊಬ್ಬರೇ ಎದ್ದುಹೋಗುತ್ತಾರೆ ಎಂದು ನಾನು ಅಂದುಕೊಂಡಿದ್ದೆ. ಹಾಗಾಗಲಿಲ್ಲ. ಟೀನಾ ಕುರ್ಚಿ ಮುಂದಕ್ಕೆ ಎಳೆದುಕೊಂಡು, "ಸರಿ, ಹಾಗಾದ್ರೆ ಮಾತಾಡೋಣ" ಎಂದಳು. ಊರೂರಿನ ನೀರು ಸರಬರಾಜು ಇಲಾಖೆಗಳು ಹಿಂದೆ ಮೀಟರು ಕೇಳಿದ್ದವು, ಸಣ್ಣ ಆರ್ಡರೆಂದು ನಾವೇ ಕೈಬಿಟ್ಟಿದ್ದೆವು ಎಂದು ಒಬ್ಬ ನೆನಪಿಸಿದ. ನೀರಿನ ಪೈಪಿಗೆ ನಮ್ಮ ಮೀಟರು ತೀರಾ ದುಬಾರಿ ಎಂದು ಇನ್ನೊಬ್ಬ. ಅಗ್ಗದ್ದನ್ನು ಮಾಡಲು ಆಗುವುದಿಲ್ಲವೇ ಎಂದು ಮತ್ತೊಬ್ಬ. ಎಷ್ಟೋ ತಿಂಗಳಿಂದ ಆ ಕೋಣೆಯಲ್ಲಿ ಯಾರೂ ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಬಿದ್ದು ಮಾತಾಡಿರಲಿಲ್ಲ. ಹ್ಯಾಂಕ್ ಕೋಟು ಬಿಚ್ಚಿ ಕುರ್ಚಿಗೆ ಹಾಕಿ ಬೋರ್ಡಿನ ಹತ್ತಿರ ಹೋದ.

ವಾಪಸು ಬರುವಾಗ, "ಪ್ರತಿ ಸೋಮವಾರ ಬೆಳಗ್ಗೆ ಮೂರೂ ಆಫೀಸಿನವರ ಮುಂದೆ ನಿಂತು ಹೀಗೇ ಹೇಳ್ತೀನಿ" ಎಂದ. ಹೇಳಿದಂತೆ ಮಾಡಿದ. ಹ್ಯೂಸ್ಟನ್ನಿನ ಕಾರ್ಖಾನೆಯಲ್ಲಿ ನಿಂತು ಮಾತಾಡುವುದು, ಉಳಿದ ಎರಡು ಕಡೆಯವರು ವೀಡಿಯೋದಲ್ಲಿ ನೋಡುವುದು. ಒಳ್ಳೆಯ ಸುದ್ದಿ ಅಪರೂಪವಾಗಿತ್ತು. ಆದರೂ ಸೋಮವಾರ ಯಾರೂ ತಪ್ಪಿಸುತ್ತಿರಲಿಲ್ಲ.

ನಿಜ ಹೇಳುವುದು ಒಮ್ಮೆ ಶುರುವಾದರೆ ಅದರ ಜೊತೆಗೆ ಕಷ್ಟಗಳೂ ಬರುತ್ತವೆ. ಇನ್ನೊಂದು ಸುತ್ತು ಜನ ಹೋಗಬಹುದು ಎಂದು ಅವನು ಹೇಳಿದ ವಾರವೇ ಆಸ್ಟಿನ್ನಿನಿಂದ ಮಧುಸೂದನನ ಫೋನ್ ಬಂತು. ಮೈಸೂರಿನ ಹುಡುಗ, ನಾನೇ ಕೆಲಸಕ್ಕೆ ತೆಗೆದುಕೊಂಡವನು. ಹೆಂಡತಿ ಸ್ಮಿತಾಗೆ ಆಗ ಏಳು ತಿಂಗಳು. ಆಸ್ಟಿನ್ ಪಕ್ಕದ ಲಿಯಾಂಡರ್‌ನಲ್ಲಿ ಹೊಸ ಮನೆ ಮಾಡಿದ್ದರು. ಅವನು ಇಲ್ಲಿ ಇದ್ದುದು ಕಂಪನಿ ಕೊಡಿಸಿದ ವೀಸಾದ ಮೇಲೆ. ಕೆಲಸ ಹೋದರೆ ಈ ದೇಶದಲ್ಲಿ ಇರುವ ಆಧಾರವೂ ಹೋಗುತ್ತಿತ್ತು. ಯಾವಾಗಲೂ ಮೇಡಂ ಎನ್ನುವವನು ಅವತ್ತು ಬೇರೆ ರೀತಿ ಮಾತಾಡಿದ.

"ಆಂಟಿ ಅಂತ ಕೇಳ್ತಿದೀನಿ, ಎಚ್‌ಆರ್ ಅಂತ ಅಲ್ಲ. ಈ ಸಲ ಹೋಗೋರ ಲಿಸ್ಟಲ್ಲಿ ನಾನು ಇದೀನಾ?"

ಇದ್ದ. ನನಗೆ ಹಿಂದಿನ ದಿನವೇ ಗೊತ್ತಾಗಿತ್ತು. ಗೊತ್ತಿದೆಯೆಂದು ಒಬ್ಬನಿಗೆ ಮಾತ್ರ ಹೇಳುವುದು ತಪ್ಪು. ನಮ್ಮವನೆಂದು ಹೇಳುವುದು ಇನ್ನೂ ದೊಡ್ಡ ತಪ್ಪು.

"ಆಂಟಿ ಅಂತ ಕೇಳಿದ್ರೂ ಹೇಳ್ಲಿಕ್ಕೆ ಆಗೂದಿಲ್ಲ ಮಧು. ಸೋಮವಾರದ ತನಕಾ ತಡಿ. ಸ್ಮಿತಾ ಆರಾಮ ಇದ್ದಾಳಲ್ಲಾ?"

"ಹ್ಞೂ ಆಂಟಿ" ಎಂದ. ಆ ಎರಡು ಪದಗಳಲ್ಲಿ ಅವನಿಗೆ ಅರ್ಥವಾಗಿದೆ ಎಂದು ನನಗೆ ಅರ್ಥವಾಯಿತು. ಫೋನ್ ಇಟ್ಟು ನೇರವಾಗಿ ಹ್ಯಾಂಕ್‌ನ ಕೋಣೆಗೆ ಹೋದೆ. ವಕೀಲರೂ ಅಲ್ಲಿದ್ದರು.

"ಹೋಗೋರಿಗೆಲ್ಲ ಎರಡು ತಿಂಗಳು ಮೊದಲೇ ಹೇಳಬೇಕು. ಆ ಎರಡು ತಿಂಗಳು ಅವರು ಇಲ್ಲೇ ಕೆಲಸದಲ್ಲಿ ಇರಬೇಕು. ಕೆಲಸದಲ್ಲಿ ಇರುವಾಗ ಇನ್ನೊಂದು ಕೆಲಸ ಹುಡುಕೋದು ಸುಲಭ. ಕೆಲವರಿಗೆ ವೀಸಾ ಬದಲಾಯಿಸಿಕೊಳ್ಳೋಕೂ ಅದೊಂದೇ ದಾರಿ" ಎಂದೆ.

ವಕೀಲರು ನಕ್ಕರು. "ಕೆಲಸ ಹೋಗತ್ತೆ ಅಂತ ಗೊತ್ತಾದವನ ಕೈಲಿ ಕಂಪ್ಯೂಟರ್ ಬಿಡ್ತೀರಾ? ಏನನ್ನಾದ್ರೂ ಅಳಿಸಿಹಾಕಿ ಹೋದ್ರೆ?"

"ಇಷ್ಟು ವರ್ಷ ನಂಬಿದವರನ್ನ ಇನ್ನೆರಡು ತಿಂಗಳು ನಂಬೋಕೆ ಆಗಲ್ವಾ?"

ಹ್ಯಾಂಕ್ ಕಿಟಕಿಯ ಹತ್ತಿರ ಹೋಗಿ ನಿಂತ. ಆಮೇಲೆ ವಕೀಲರಿಗೆ, "ಬೀಗ ಹಾಕಿದ ಗೇಟಿನ ಮುಂದೆ ನಿಂತವರನ್ನ ನಾನು ನೋಡಿದೀನಿ, ನೀವು ನೋಡಿಲ್ಲ" ಎಂದ. ಎರಡು ತಿಂಗಳ ನೋಟಿಸಿಗೆ ಅದೇ ಅವನ ಒಪ್ಪಿಗೆ.

ಎಲ್ಲವೂ ಸುಸೂತ್ರವಾಗಿ ನಡೆಯಿತೆಂದು ಬರೆದರೆ ಸುಳ್ಳಾಗುತ್ತದೆ. ಸುದ್ದಿ ಕೇಳಿದ ಒಬ್ಬ ನನ್ನ ಮೇಜಿನ ಮೇಲೆ ಗುದ್ದಿ ಹೊರಟುಹೋದವನು ಮತ್ತೆ ಬರಲಿಲ್ಲ. ಇನ್ನೊಬ್ಬ ದಿನವೂ ಬಂದು ಏನೂ ಮಾಡದೆ ಕೂತಿರುತ್ತಿದ್ದ. ಉಳಿದವರೆಲ್ಲ ಕೆಲಸ ಮಾಡಿದರು. ಹ್ಯಾಂಕ್ ತನ್ನ ಪರಿಚಯದ ಕಂಪನಿಗಳಿಗೆ ತಾನೇ ಫೋನ್ ಮಾಡಿ, ಒಬ್ಬೊಬ್ಬರ ಹೆಸರು ಹೇಳಿ, ಇವರನ್ನು ಒಮ್ಮೆ ನೋಡಿ ಎಂದು ಕೇಳುತ್ತಿದ್ದ. ಆಗ ಊರಲ್ಲಿ ಎಲ್ಲರ ಸ್ಥಿತಿಯೂ ನಮ್ಮಂತೆಯೇ ಇತ್ತು, ಬಹಳ ಕಡೆ ಇಲ್ಲವೆಂದೇ ಉತ್ತರ ಬರುತ್ತಿತ್ತು. ಆದರೂ ಪಕ್ಕದ ಕೋಣೆಯಿಂದ ಅವನ ದೊಡ್ಡ ದನಿ ಎಲ್ಲರಿಗೂ ಕೇಳುತ್ತಿತ್ತು. ಅದು ಕೇಳುತ್ತಿದ್ದುದು ಒಳ್ಳೆಯದೇ ಆಯಿತು.

ಮಧು ಆ ಎರಡು ತಿಂಗಳು ನೀರಿನ ಮೀಟರಿನ ಸಾಫ್ಟ್‌ವೇರಿಗೆ ಕೂತ. ಬೆಳಗ್ಗೆ ಇಂಟರ್ವ್ಯೂಗೆ ಹೋಗಿ ಬಂದು ಮಧ್ಯಾಹ್ನ ಮತ್ತೆ ಅದಕ್ಕೇ ಕೂರುತ್ತಿದ್ದ. ಆಸ್ಟಿನ್ನಿಗೆ ಹೋದಾಗ ಕೇಳಿಯೇಬಿಟ್ಟೆ.

"ಹೋಗಾಂವ ನೀ, ಇಷ್ಟ್ಯಾಕ ಮೈಮ್ಯಾಲೆ ಹಾಕ್ಕೊಂಡೀ?"

"ಏನ್ ಮಾಡ್ತಿದೀಯ ಅಂತ ಇಂಟರ್ವ್ಯೂನಲ್ಲಿ ಕೇಳ್ತಾರೆ ಆಂಟಿ. ಅರ್ಧಕ್ಕೆ ಬಿಟ್ಟೆ ಅಂತ ಹೇಳೋಕಾಗುತ್ತಾ?" ಎಂದು ನಕ್ಕ. ಆಮೇಲೆ ದನಿ ತಗ್ಗಿಸಿ, "ನಿಜ ಹೇಳ್ಬೇಕಂದ್ರೆ, ಮನೇಲಿ ಸುಮ್ನೆ ಕೂತ್ರೆ ಹೆದರಿಕೆ ಆಗುತ್ತೆ. ಇಲ್ಲಿ ಬಂದ್ರೆ ಮರೆತುಹೋಗುತ್ತೆ" ಎಂದ.

ಅವಧಿ ಮುಗಿಯಲು ಎರಡು ವಾರ ಇರುವಾಗ ಆಸ್ಟಿನ್ನಿನಲ್ಲೇ ಅವನಿಗೆ ಕೆಲಸ ಸಿಕ್ಕಿತು. ಹೊಸ ಕಂಪನಿಯವರು ವೀಸಾದ ಅರ್ಜಿ ಹಾಕಿದ್ದು ಖಚಿತವಾದ ಮೇಲೆ ನನಗೆ ಫೋನ್ ಮಾಡಿದ. ಮಾತಾಡಲು ಆಗಲಿಲ್ಲ ಅವನಿಗೆ. ಫೋನ್ ಸ್ಮಿತಾಗೆ ಕೊಟ್ಟ. ಅವಳು, "ಆಂಟಿ, ಮಗು ಹುಟ್ಟಿದ ತಕ್ಷಣ ಅದಕ್ಕೆ ಪಾಸ್‌ಪೋರ್ಟ್ ಮಾಡಿಸಿ ಇಂಡಿಯಾಗೆ ಹೊರಡೋದು ಅಂತ ಎಲ್ಲ ಪ್ಲಾನ್ ಮಾಡ್ಬಿಟ್ಟಿದ್ವಿ" ಎಂದು ಅಳುತ್ತಾ ನಗುತ್ತಾ ಹೇಳಿದಳು.

ಅವನ ಕೊನೆಯ ದಿನ ಆಸ್ಟಿನ್ ಆಫೀಸಿನಲ್ಲಿ ಬೀಳ್ಕೊಡುಗೆ ಇಟ್ಟುಕೊಂಡೆವು. ಕೆಲಸದಿಂದ ತೆಗೆದವರಿಗೆ ಬೀಳ್ಕೊಡುಗೆ ಮಾಡಿದ್ದು ನಮ್ಮ ಕಂಪನಿಯಲ್ಲಿ ಅದೇ ಮೊದಲು. ದಿನ ತುಂಬಿದ್ದ ಸ್ಮಿತಾ ನಾವು ಬೇಡವೆಂದರೂ ಕೇಳದೆ ಬಿಸಿಬೇಳೆಬಾತ್ ಮಾಡಿ ತಂದಿದ್ದಳು. ಹ್ಯಾಂಕ್ ಹ್ಯೂಸ್ಟನ್ನಿನಿಂದ ಡ್ರೈವ್ ಮಾಡಿಕೊಂಡು ಬಂದ, ಎರಡು ಸಲ ಹಾಕಿಸಿಕೊಂಡ, ಕೆಂಪಗಾಗಿ ನೀರು ಕುಡಿದ. ಆಮೇಲೆ ಎದ್ದು, ಮಧು ನಮ್ಮಲ್ಲಿ ಏನೇನು ಮಾಡಿದ ಎಂದು ಒಂದೊಂದಾಗಿ ಹೇಳಿದ. ಯಾವುದೂ ಬಾಯುಪಚಾರದ ಮಾತಾಗಿರಲಿಲ್ಲ. ಮೊದಲೇ ಎಲ್ಲರಿಂದ ಕೇಳಿ ತಿಳಿದುಕೊಂಡು ಬಂದಿದ್ದ. ಮುಂಬಾಗಿಲಿನವರೆಗೆ ಎಲ್ಲರೂ ಹೋಗಿ ಅವನನ್ನು ಕಳಿಸಿಕೊಟ್ಟೆವು.

ಅಲ್ಲಿಂದ ಹ್ಯೂಸ್ಟನ್ನಿನಲ್ಲೂ ಅದೇ ರೂಢಿಯಾಯಿತು. ಹೋಗುವವರಿಗೊಂದು ಊಟ, ನಾಲ್ಕು ಮಾತು, ಮುಂಬಾಗಿಲು. ಹಿಂದೆ ಸದ್ದಿಲ್ಲದೆ ಹೋದವರ ಮನೆಗಳಿಗೂ ಹ್ಯಾಂಕ್ ಹೋಗಿಬಂದ. ಡಾರಥಿಯ ಮನೆಗೆ ಹೋದಾಗ ರೇ ಕೂಡ ಜೊತೆಗಿದ್ದ. ಅವಳು ಹ್ಯಾಂಕ್‌ನನ್ನು ಮೆಟ್ಟಿಲ ಮೇಲೆಯೇ ಸ್ವಲ್ಪ ಹೊತ್ತು ನಿಲ್ಲಿಸಿ ಆಮೇಲೆ ಒಳಗೆ ಕರೆದಳಂತೆ.

ಬೇಸಿಗೆ ಕಳೆಯುವ ಹೊತ್ತಿಗೆ ಮೇಜುಗಳ ಮೇಲೆ ಫೋಟೋಗಳು ಮತ್ತೆ ಕಾಣಿಸಿಕೊಂಡವು. ತೈಲದ ಬೆಲೆ ಆಗಿನ್ನೂ ಏರಿರಲಿಲ್ಲ. ಕಂಪನಿ ಉಳಿಯುತ್ತದೆಂಬ ಖಾತ್ರಿಯೂ ಇರಲಿಲ್ಲ. ಆದರೆ ಖಾಲಿ ನಿಂತಿದ್ದ ಪರೀಕ್ಷಾ ವಿಭಾಗದಲ್ಲಿ ನೀರಿನ ಮೀಟರಿನ ಮಾದರಿಗಳನ್ನು ಜೋಡಿಸಿ, ಬಿಚ್ಚಿ, ಮತ್ತೆ ಜೋಡಿಸುತ್ತಿದ್ದರು. ಮೊದಲ ಮಾದರಿ ಸೋರಿ ರೇಯ ಪ್ಯಾಂಟೆಲ್ಲ ಒದ್ದೆಯಾಯಿತು. ಇಡೀ ವಿಭಾಗ ಬಿದ್ದು ಬಿದ್ದು ನಕ್ಕಿತು. ಆ ನಗು ಕೇಳಿ ಹ್ಯಾಂಕ್ ತನ್ನ ಕೋಣೆಯಿಂದ ಓಡಿ ಬಂದ, ಏನಾಯಿತೆಂದು ಗಾಬರಿಯಾಗಿ.

ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ನಾನು ಹೇಳುವುದು ಇಷ್ಟೇ. ಜನರಿಗೆ ಉತ್ಸಾಹವನ್ನು ಹೊರಗಿನಿಂದ ತಂದು ಹಂಚಲು ಬರುವುದಿಲ್ಲ. ಹೆದರಿಕೆಯನ್ನು ಕಡಿಮೆ ಮಾಡಬಹುದು, ಮಾಡಲು ಅರ್ಥವಿರುವ ಕೆಲಸ ಕೊಡಬಹುದು. ಅಷ್ಟಾದರೆ ಉಳಿದದ್ದನ್ನು ಅವರೇ ನೋಡಿಕೊಳ್ಳುತ್ತಾರೆ. ಮೇಲಿನವರ ಕೋಣೆಗೆ ಹೋಗಿ ಅಪ್ರಿಯವಾದದ್ದನ್ನು ಹೇಳುವುದೂ ನಿಮ್ಮ ಕೆಲಸದ ಭಾಗವೇ. ಹೆದರಿಕೆಯಾದರೂ ಹೋಗಿ.

ಡಲ್ಲಾಸಿನ ಉತ್ತರದ ಒಂದು ಸಣ್ಣ ಊರು ಮೊದಲ ಆರ್ಡರ್ ಕೊಟ್ಟಿತು, ಟೀನಾ ಹಿಡಿದ ಹಟದಿಂದ. ಆಮೇಲೆ ಪಕ್ಕದ ಊರು. ಅಷ್ಟರಿಂದಲೇ ಶ್ರೀಮಂತರೇನೂ ಆಗಲಿಲ್ಲ. ಕಂಪನಿ ಮುಳುಗದಂತೆ ಹಿಡಿದಿಟ್ಟುಕೊಳ್ಳಲು ಸಾಕಾಯಿತು.

ಆ ಮೇಲಿನ ಒಂದು ಸೋಮವಾರ ನನಗೆ ಚೆನ್ನಾಗಿ ನೆನಪಿದೆ. ಎಂದಿನಂತೆ ಎಲ್ಲರೂ ಕಾರ್ಖಾನೆಯ ನಡುವೆ ಬಂದು ನಿಂತರು. ಹ್ಯಾಂಕ್ ಮುಂದೆ ಬಂದ. ಬಾಯಿ ತೆರೆದ, ಮುಚ್ಚಿದ. ನನ್ನ ಕಡೆ ನೋಡಿದ. ಹೋಗುವವರು ಯಾರೂ ಇರಲಿಲ್ಲ, ರದ್ದಾದ ಆರ್ಡರು ಇರಲಿಲ್ಲ, ಮುಂದೂಡಿದ್ದೂ ಇರಲಿಲ್ಲ.

"ಇವತ್ತು ಹೇಳೋಕೆ... ಏನೂ ಇಲ್ಲ" ಎಂದ.

ಹಿಂದಿನ ಸಾಲಿನಿಂದ ರೇ ಕೂಗಿದ, "ಹಾಗಾದ್ರೆ ನಾವು ಕೆಲಸಕ್ಕೆ ಹೋಗಬಹುದಾ?"

ಎಲ್ಲರೂ ನಗುತ್ತಾ ಚದುರಿದರು. ಒಂದಾದ ಮೇಲೊಂದು ಯಂತ್ರಗಳು ಶುರುವಾದವು. ಆ ಸದ್ದಿನಲ್ಲಿ ಹ್ಯಾಂಕ್ ನನಗೆ ಏನೋ ಹೇಳಿದ. ನನಗೆ ಕೇಳಿಸಲಿಲ್ಲ. ತಲೆಯಾಡಿಸಿ ನನ್ನ ಕೋಣೆಗೆ ಹೋದೆ, ಅವತ್ತಿನ ಕೆಲಸ ಬಹಳವಿತ್ತು.